ಎರಡನೇ ಹೆರಿಗೆ: ಯಾವಾಗ ಹೊರಡಬೇಕು?

ಪ್ರಶ್ನೆ: ನನಗೀಗ ಎರಡನೇ ಬಸುರಿ, 38ನೇ ವಾರ ನಡೆಯುತ್ತಿದೆ. ಮೊದಲ ಮಗನಿಗೆ ನಾಲ್ಕು ವರ್ಷ. ಅವನು ಹುಟ್ಟುವಾಗ ರಾತ್ರಿ ಶುರುವಾದ ನೋವು ಮರುದಿನ ಸಂಜೆಯವರೆಗೂ ಇತ್ತು, ಹೆರಿಗೆ ನಾರ್ಮಲ್. ಈ ಸಲ ಕೆಲವು ದಿನಗಳಿಂದ ಸಂಜೆಯಾದರೆ ಹೊಟ್ಟೆ ಗಟ್ಟಿಯಾಗುತ್ತದೆ, ಮಲಗಿದರೆ ಹೋಗಿಬಿಡುತ್ತದೆ. ‘ಹೊಟ್ಟೆ ಇನ್ನೂ ಇಳಿದಿಲ್ಲ, ಟೈಮಿದೆ’ ಅಂತಾರೆ ಅತ್ತೆ. ನಮ್ಮ ಹಳ್ಳಿಯಿಂದ ಶಿವಮೊಗ್ಗದ ಆಸ್ಪತ್ರೆಗೆ ಒಂದೂವರೆ ಗಂಟೆಗೂ ಮೀರಿದ ದಾರಿ. ನಿಜವಾದ ನೋವು ಶುರುವಾಗಿದೆ ಅಂತ ಗೊತ್ತಾಗುವುದು ಹೇಗೆ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಹೊಟ್ಟೆ ಗಟ್ಟಿಯಾಗುವುದಕ್ಕಿಂತ ಆ ಒಂದೂವರೆ ಗಂಟೆಯೇ ನನಗೆ ದೊಡ್ಡದಾಗಿ ಕಂಡಿತು. ಆಸ್ಪತ್ರೆ ಪಕ್ಕದ ಬೀದಿಯಲ್ಲಿರುವವರು ‘ಇದು ನಿಜವಾದ ನೋವೋ ಸುಳ್ಳು ನೋವೋ’ ಎಂದು ಕಾದು ನೋಡಬಹುದು. ನಿಮಗೆ ಅಷ್ಟು ಕಾಯುವ ಸೌಲಭ್ಯವಿಲ್ಲ.

ಚೊಚ್ಚಲು ಹೆರಿಗೆಯಲ್ಲಿ ನೋವು ಹದಕ್ಕೆ ಬಂದ ಮೇಲೂ ಸರಾಸರಿ 8 ಗಂಟೆ ಹಿಡಿಯುತ್ತದೆ, 18 ಗಂಟೆಯವರೆಗೂ ಎಳೆಯಬಹುದು. ಎರಡನೆಯದಕ್ಕೆ ಸರಾಸರಿ 5 ಗಂಟೆ ಸಾಕು, 12 ದಾಟುವುದು ಅಪರೂಪ. ಎರಡು ಮೂರು ಗಂಟೆಯಲ್ಲಿ ಮುಗಿಯುವುದೂ ಉಂಟು. ಮೊದಲ ಸಲ ಗರ್ಭಕೋಶದ ಬಾಯಿ ಮೊದಲು ತೆಳುವಾಗಿ, ಆಮೇಲೆ ನಿಧಾನವಾಗಿ ತೆರೆಯುತ್ತದೆ. ಎರಡನೇ ಸಲ ಈ ಎರಡೂ ಒಟ್ಟೊಟ್ಟಿಗೆ ಆಗುತ್ತವೆ. ಮಗು ಹಾದು ಬರುವ ದಾರಿಯೂ ಒಮ್ಮೆ ಸಡಿಲಗೊಂಡದ್ದೇ. ಹಾಗಾಗಿ ಮಗ ಹುಟ್ಟಿದಾಗಿನ ಲೆಕ್ಕ ಹಿಡಿದು ‘ಇನ್ನೂ ಇಡೀ ರಾತ್ರಿ ಇದೆ’ ಎಂದುಕೊಳ್ಳಬೇಡಿ.

ಅತ್ತೆಯವರ ಮಾತು ಚೊಚ್ಚಲಿಗೆ ಹೊಂದುತ್ತದೆ. ಆಗ ಮಗುವಿನ ತಲೆ ಹೆರಿಗೆಗೆ ಎರಡು ಮೂರು ವಾರ ಮೊದಲೇ ಕೆಳಗಿಳಿದು ಕೂರುತ್ತದೆ, ಹೊಟ್ಟೆ ಜಾರಿದ್ದು ಕಣ್ಣಿಗೇ ಕಾಣುತ್ತದೆ. ಎರಡನೇ ಬಸುರಿನಲ್ಲಿ ಅನೇಕರಿಗೆ ತಲೆ ಇಳಿಯುವುದೇ ನೋವು ಶುರುವಾದ ಮೇಲೆ. ಹೊಟ್ಟೆ ಇಳಿದಿಲ್ಲವೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಹಾಗೆಯೇ ತಪಾಸಣೆಯಲ್ಲಿ ‘ಎರಡು ಸೆಂಟಿಮೀಟರ್ ತೆರೆದಿದೆ’ ಅಂದರೆ ಗಾಬರಿಯೂ ಬೇಡ. ಒಮ್ಮೆ ಹೆತ್ತವರಲ್ಲಿ ಬಾಯಿ ಅಷ್ಟು ತೆರೆದುಕೊಂಡೇ ವಾರಗಟ್ಟಲೆ ಇರುವುದುಂಟು.

ಇನ್ನು ನಿಮ್ಮ ಸಂಜೆಯ ಬಿಗಿತ. 1872ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ ಹೆಸರಿನಲ್ಲೇ ಡಾಕ್ಟರುಗಳು ಇದನ್ನು ಕರೆಯುತ್ತಾರೆ. ಮನೆಮಂದಿಗೆ ಇದು ‘ಸುಳ್ಳು ನೋವು’. ಎರಡನೇ ಸಲ ಬೇಗ ಶುರುವಾಗುತ್ತದೆ, ಹೆಚ್ಚು ಗೊತ್ತಾಗುತ್ತದೆ. ದಿನವಿಡೀ ಓಡಾಡಿ, ನೀರು ಕುಡಿಯದೆ ಇದ್ದ ದಿನ ಇನ್ನೂ ಜಾಸ್ತಿ. ಮೂತ್ರಕ್ಕೆ ಹೋಗಿಬಂದು, ಎರಡು ಲೋಟ ನೀರು ಕುಡಿದು, ಎಡ ಮಗ್ಗುಲಿಗೆ ಮಲಗಿ. ಇಳಿದರೆ ಸುಳ್ಳು. ನಮ್ಮ ಹಿರಿಯರು ಜೀರಿಗೆ ಕಷಾಯ ಕೊಟ್ಟು ‘ಸುಳ್ಳಾದರೆ ನಿಲ್ಲುತ್ತೆ, ನಿಜವಾದರೆ ಏರುತ್ತೆ’ ಎಂದು ಕಾಯುತ್ತಿದ್ದರಲ್ಲ, ಅಲ್ಲಿ ಕೆಲಸ ಮಾಡುತ್ತಿದ್ದುದು ಜೀರಿಗೆಗಿಂತ ಹೆಚ್ಚಾಗಿ ಆ ಅರ್ಧ ಗಂಟೆಯ ವಿಶ್ರಾಂತಿ ಎಂದು ನನ್ನ ಅನಿಸಿಕೆ. ಕಷಾಯ ಕುಡಿದರೆ ತೊಂದರೆಯಿಲ್ಲ. ಆದರೆ ಹೆರಿಗೆ ಬೇಗ ಆಗಲೆಂದು ಹರಳೆಣ್ಣೆ ಕುಡಿಸಲು ಬಂದರೆ ಬೇಡವೆನ್ನಿ. ಅದರಿಂದ ಖಂಡಿತವಾಗಿ ಆಗುವುದು ಭೇದಿ ಮತ್ತು ಸುಸ್ತು.

ನಿಜವಾದ ನೋವು ಮಲಗಿದರೂ ನಿಲ್ಲುವುದಿಲ್ಲ, ನಡೆದರೆ ಜೋರಾಗುತ್ತದೆ. ಹೆಚ್ಚಾಗಿ ಸೊಂಟದಲ್ಲಿ ಹುಟ್ಟಿ ಹೊಟ್ಟೆಯ ಮುಂಭಾಗಕ್ಕೆ ಸುತ್ತಿ ಬರುತ್ತದೆ. ಬಂದಾಗ ಹೊಟ್ಟೆ ಮುಟ್ಟಿದರೆ ಹಣೆ ಮುಟ್ಟಿದಷ್ಟು ಗಟ್ಟಿ, ಹೋದಾಗ ಪೂರ್ತಿ ಮೆತ್ತಗೆ. ಒಂದೇ ನೋವಿನಿಂದ ಏನನ್ನೂ ನಿರ್ಧರಿಸಲಾಗದು. ಗಡಿಯಾರ ನೋಡಿ ಬರೆದಿಡಿ: ನಡುವಿನ ಅಂತರ ಕಿರಿದಾಗುತ್ತಿದೆಯೇ, ಒಂದೊಂದೂ ಮೊದಲಿಗಿಂತ ಹೆಚ್ಚು ಹೊತ್ತು ಇರುತ್ತಿದೆಯೇ, ನೋವು ಬಂದಾಗ ಮಾತು ತಾನಾಗಿ ನಿಲ್ಲುತ್ತಿದೆಯೇ? ಐದು ನಿಮಿಷಕ್ಕೊಂದರಂತೆ, ಒಂದೊಂದು ನಿಮಿಷ, ಒಂದು ಗಂಟೆ ಕಾಲ ಬಂದ ಮೇಲೆ ಹೊರಡಿ ಎಂಬ ಲೆಕ್ಕ ಚೊಚ್ಚಲಿನವರದು. ನಿಮ್ಮಷ್ಟು ದೂರವಿರುವವರು ಹತ್ತು ನಿಮಿಷಕ್ಕೊಂದು ನೋವು ಕ್ರಮವಾಗಿ ಬಂದು ಏರತೊಡಗಿದರೆ ಅರ್ಧ ಗಂಟೆಯೊಳಗೆ ಗಾಡಿ ಹತ್ತಬೇಕು.

ಲೋಳೆಯಂಥ ಬಿಳುಪು, ಅದರಲ್ಲಿ ನಸುಗೆಂಪು ಎಳೆ ಕಂಡರೆ ಹೆರಿಗೆ ಹತ್ತಿರವಾಗಿದೆ ಎಂದರ್ಥ. ಗಂಟೆಗಳಲ್ಲೂ ಆಗಬಹುದು, ಕೆಲವು ದಿನಗಳ ಮೇಲೂ ಆಗಬಹುದು. ಇದಕ್ಕೆ ಓಡಬೇಕಿಲ್ಲ, ಬ್ಯಾಗ್ ಬಾಗಿಲ ಬಳಿಗೆ ಬರಲಿ. ಮುಟ್ಟಿನ ಹಾಗೆ ರಕ್ತ ಹೋದರೆ ಮಾತ್ರ ಅದು ಬೇರೆಯೇ ವಿಷಯ, ಕೂಡಲೇ ಹೊರಡಿ.

ನೀರು ಒಡೆಯುವುದು ಯಾವಾಗಲೂ ಸಿನಿಮಾದಲ್ಲಿ ತೋರಿಸಿದ ಹಾಗೆ ಧುಮುಕುವುದಿಲ್ಲ, ತೊಟ್ಟಿಕ್ಕುತ್ತಲೂ ಇರಬಹುದು. ಎರಡನೇ ಬಸುರಿನಲ್ಲಿ ಕೆಮ್ಮಿದರೆ ಮೂತ್ರ ಜಾರುವುದೂ ಸಾಮಾನ್ಯ, ಹಾಗಾಗಿ ಗೊಂದಲ. ಮೂತ್ರ ಮಾಡಿ ಬಂದು ಒಣ ಪ್ಯಾಡ್ ಇಟ್ಟುಕೊಂಡು ಅರ್ಧ ಗಂಟೆ ಮಲಗಿ ಎದ್ದು ನೋಡಿ. ಮತ್ತೆ ಒದ್ದೆಯಾಗಿದ್ದರೆ ನೀರೆಂದೇ ತಿಳಿಯಿರಿ. ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಹಸಿರು ಅಥವಾ ಕಂದು ಬಣ್ಣವಿದ್ದರೆ ಮಗು ಒಳಗೇ ಮಲ ಮಾಡಿದೆ ಎಂದರ್ಥ, ತಡ ಸಲ್ಲದು. ತಲೆ ಇನ್ನೂ ಮೇಲಿರುವಾಗ ನೀರು ಒಡೆದರೆ ಅಪರೂಪಕ್ಕೆ ಹೊಕ್ಕುಳಬಳ್ಳಿ ಮೊದಲು ಜಾರಿ ಬರುವ ಅಪಾಯವಿದೆ. ಅದಕ್ಕೇ ಗಾಡಿಯಲ್ಲಿ ಕೂರುವುದಕ್ಕಿಂತ ಎಡ ಮಗ್ಗುಲಾಗಿ ಮಲಗಿ ಹೋಗುವುದು ಒಳ್ಳೆಯದು.

ಎರಡನೇ ಹೆರಿಗೆಯಲ್ಲಿ ಜನ ಗಮನಿಸದೆ ಬಿಡುವ ಲಕ್ಷಣ ಇನ್ನೊಂದಿದೆ. ನೋವಿನ ನಡುವೆ ಇದ್ದಕ್ಕಿದ್ದಂತೆ ಕಕ್ಕಸಿಗೆ ಹೋಗಲೇಬೇಕು ಅನಿಸುತ್ತದೆ. ಅದು ಮಗುವಿನ ತಲೆ ಗುದದ ಮೇಲೆ ಒತ್ತುವುದು. ಬಚ್ಚಲಲ್ಲೋ ಕಕ್ಕಸಿನಲ್ಲೋ ಹೆರಿಗೆಯಾಯಿತೆಂಬ ಸುದ್ದಿಗಳ ಹಿಂದೆ ಹೆಚ್ಚಾಗಿ ಇರುವುದು ಇದೇ. ಹಾಗನಿಸಿದರೆ ಒಳಗೆ ಹೋಗಿ ಚಿಲಕ ಹಾಕಿಕೊಳ್ಳಬೇಡಿ, ಮನೆಯವರನ್ನು ಕರೆಯಿರಿ, 108ಕ್ಕೆ ಫೋನ್ ಮಾಡಿಸಿ. ಆ ಹಂತದಲ್ಲಿ ಶಿವಮೊಗ್ಗವೇ ಆಗಬೇಕೆಂಬ ಹಟ ಬೇಡ, ಹತ್ತಿರದ ತಾಲ್ಲೂಕು ಆಸ್ಪತ್ರೆ ಸಾಕು. ದಾರಿಯಲ್ಲೇ ಮಗು ಹುಟ್ಟಿಬಿಟ್ಟರೆ ಒರೆಸಿ, ತಾಯಿಯ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ ಬೆಚ್ಚಗೆ ಹೊದಿಸಬೇಕು. ಬಳ್ಳಿಯನ್ನು ಎಳೆಯಬಾರದು, ಮನೆಯ ಕತ್ತರಿಯಿಂದ ಕತ್ತರಿಸಲೂಬಾರದು.

‘ಹೆರಿಗೆ ಹತ್ತಿರ ಬಂದಾಗ ಮಗು ಸುಮ್ಮನಾಗುತ್ತದೆ’ ಎಂಬ ಮಾತನ್ನು ನಂಬಬೇಡಿ. ಕೊನೆಯವರೆಗೂ ಮಗು ಆಡುತ್ತಲೇ ಇರಬೇಕು. ಆಟ ಕಡಿಮೆಯೆನಿಸಿದರೆ ನೋವಿರಲಿ ಬಿಡಲಿ, ಕೂಡಲೇ ಹೋಗಿ ತೋರಿಸಿ. ಕಣ್ಣು ಮಂಜಾಗುವುದು, ಸಹಿಸಲಾಗದ ತಲೆನೋವು, ಬಿಟ್ಟು ಬಿಡದೆ ಒಂದೇ ಸಮನೆ ನೋಯುವ ಹೊಟ್ಟೆ ಇವಕ್ಕೂ ಅದೇ ಮಾತು. ಅಮಾವಾಸ್ಯೆ, ಹುಣ್ಣಿಮೆಯ ಲೆಕ್ಕ ಬಿಡಿ. ಅಮೆರಿಕದ ನಾರ್ತ್ ಕೆರೊಲಿನಾದ ಐದು ಲಕ್ಷಕ್ಕೂ ಮಿಕ್ಕಿದ ಹೆರಿಗೆಗಳನ್ನು ಚಂದ್ರನ ಕಲೆಗಳ ಜೊತೆ ಹೋಲಿಸಿ ನೋಡಿದಾಗ ಯಾವ ಸಂಬಂಧವೂ ಕಾಣಲಿಲ್ಲ.

ಇದನ್ನು ಓದುವವರಲ್ಲಿ ಮೊದಲನೆಯದು ಸಿಸೇರಿಯನ್ ಆದವರಿದ್ದರೆ, ಮೇಲೆ ಹೇಳಿದ ಯಾವ ಕಾಯುವಿಕೆಯೂ ನಿಮಗಲ್ಲ. ನೋವು ಶುರು ಅನಿಸಿದ ಕೂಡಲೇ, ಆಪರೇಷನ್ ಸೌಕರ್ಯವಿರುವ ಆಸ್ಪತ್ರೆಗೇ ಹೊರಡಿ.

ನಿಮಗೆ ನನ್ನ ಸಲಹೆ: ಶಿವಮೊಗ್ಗದಲ್ಲಿ ನೆಂಟರ ಮನೆಯಿದ್ದರೆ ಈ ವಾರವೇ ಅಲ್ಲಿಗೆ ಹೋಗಿ ಇದ್ದುಬಿಡಿ. ಮಳೆಗಾಲದಲ್ಲಂತೂ ಮಲೆನಾಡಿನ ರಸ್ತೆಗೆ ಯಾವಾಗ ಮರ ಬೀಳುತ್ತದೋ, ನೆಟ್‌ವರ್ಕ್ ಯಾವಾಗ ಹೋಗುತ್ತದೋ ಹೇಳಲಾಗದು. ಆಗದಿದ್ದರೆ ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟು, ಬಟ್ಟೆ ಒಂದೇ ಬ್ಯಾಗಿನಲ್ಲಿರಲಿ. ಆಶಾ ಕಾರ್ಯಕರ್ತೆಯ ನಂಬರ್ ಮನೆಯ ಎಲ್ಲರ ಫೋನಿನಲ್ಲೂ ಇರಲಿ. ರಾತ್ರಿ ಹೊತ್ತಿನಲ್ಲಿ ಮಗನನ್ನು ಯಾರು ನೋಡಿಕೊಳ್ಳುತ್ತಾರೆಂದು ಈಗಲೇ ಮಾತಾಡಿಕೊಳ್ಳಿ. ಎಷ್ಟೋ ತಾಯಂದಿರು ತಡ ಮಾಡುವುದು ದೊಡ್ಡ ಮಗುವನ್ನು ಬಿಟ್ಟು ಹೋಗುವ ಚಿಂತೆಯಿಂದಲೇ. ಆಸ್ಪತ್ರೆಯವರು ಪರೀಕ್ಷಿಸಿ ‘ಇನ್ನೂ ಆಗಿಲ್ಲ’ ಎಂದು ವಾಪಸು ಕಳಿಸಿದರೆ ನಾಚಿಕೊಳ್ಳಬೇಡಿ. ಮರುದಿನ ಮತ್ತೆ ನೋವು ಏರಿದರೆ ಮತ್ತೆ ಹೊರಡಿ.