ಒಂಬತ್ತು ಪ್ರಶ್ನೆ, ಇಪ್ಪತ್ತೇಳು ಅಂಕ: ಖಿನ್ನತೆಯ ಪ್ರಶ್ನಾವಳಿಯನ್ನು ಎಷ್ಟು ನಂಬಬಹುದು?

ಕೆಲವು ವರ್ಷಗಳ ಹಿಂದೆ ನಾನು ಬೇರೊಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದಾಗ, ದ್ವಿತೀಯ ಪಿಯುಸಿ ತರಗತಿಗೆ ಖಿನ್ನತೆಯ ಪ್ರಶ್ನಾವಳಿ ಹಂಚುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೇಲ್ಗಡೆ ಹೆಸರು, ರಿಜಿಸ್ಟರ್ ನಂಬರ್ ಬರೆಯಬೇಕು. ಒಂದು ಬೆಂಚಿನಲ್ಲಿ ನಾಲ್ವರು. ಹತ್ತು ನಿಮಿಷದಲ್ಲಿ ಎಲ್ಲವೂ ವಾಪಸ್ ಬಂತು. ಹಿಂದಿನ ಬೆಂಚಿನ ನಾಲ್ಕು ಹಾಳೆಗಳಲ್ಲಿ ಉತ್ತರ ಒಂದೇ, ಕಿರುಪರೀಕ್ಷೆಯಲ್ಲಿ ಆಗುವ ಹಾಗೆಯೇ. ಒಬ್ಬ ಹುಡುಗಿಯ ಹಾಳೆಯಲ್ಲಿ ಒಂಬತ್ತೂ ಸೊನ್ನೆ. 'ಇವಳು ಆರಾಮ' ಎಂದು ನಾನು ಆ ಹಾಳೆಯನ್ನು ಕಟ್ಟಿನ ತಳಕ್ಕೆ ಹಾಕಿದೆ. ಎರಡು ತಿಂಗಳ ಮೇಲೆ ಅವಳು ಕಾಲೇಜಿಗೆ ಬರುವುದನ್ನೇ ಬಿಟ್ಟಳು. ಆ ಪ್ರಶ್ನಾವಳಿ ತುಂಬುವ ಹೊತ್ತಿಗೇ ಅವಳಿಗೆ ವಾರಗಟ್ಟಲೆ ನಿದ್ದೆ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಚಿಕಿತ್ಸೆ ಸಿಕ್ಕಿತು, ಮರುವರ್ಷ ಪರೀಕ್ಷೆಗೂ ಕುಳಿತಳು. ಆದರೆ ಆ ಸೊನ್ನೆಗಳನ್ನು ಓದಿದವನು ನಾನು. ಈ ಪಾಠ ಅಲ್ಲಿಂದ ಶುರುವಾದದ್ದು.

ಇಂದು ಹೆಚ್ಚು ಬಳಕೆಯಲ್ಲಿರುವ ಪ್ರಶ್ನಾವಳಿಯ ಹೆಸರು ಪಿಎಚ್‌ಕ್ಯೂ-9. ಅಮೆರಿಕದ ರಾಬರ್ಟ್ ಸ್ಪಿಟ್ಜರ್, ಕರ್ಟ್ ಕ್ರೋಂಕಿ, ಜಾನೆಟ್ ವಿಲಿಯಮ್ಸ್ ಇದನ್ನು ರೂಪಿಸಿದರು; ಇದರ ನಿಖರತೆಯ ವರದಿ 2001ರಲ್ಲಿ ಬಂತು. ಅದಕ್ಕೂ ಮೊದಲೇ, 1961ರಲ್ಲಿ, ಆರನ್ ಬೆಕ್ ಅವರ 21 ಅಂಶಗಳ ಪಟ್ಟಿ ಇತ್ತು. ಪಿಎಚ್‌ಕ್ಯೂ ಅದಕ್ಕಿಂತ ಚಿಕ್ಕದು, ಉಚಿತ, ಕನ್ನಡದಲ್ಲೂ ಸಿಗುತ್ತದೆ. ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗಿರುವುದು, ನಿದ್ದೆ, ಆಯಾಸ, ಹಸಿವು, ತನ್ನ ಬಗ್ಗೆ ಕೀಳು ಭಾವನೆ, ಏಕಾಗ್ರತೆ, ಚಲನವಲನದಲ್ಲಿ ನಿಧಾನ ಅಥವಾ ಚಡಪಡಿಕೆ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ: ಇವು ಒಂಬತ್ತು. ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಹೆಚ್ಚು ಬಂದರೆ 'ಮುಂದೆ ಪರೀಕ್ಷಿಸಬೇಕು' ಎನ್ನುತ್ತಾರೆ. 'ಖಿನ್ನತೆ ಇದೆ' ಎನ್ನುವುದಿಲ್ಲ. ಈ ವ್ಯತ್ಯಾಸವನ್ನು ಮರೆತೇ ನಮ್ಮಲ್ಲಿ ಅರ್ಧ ತಪ್ಪುಗಳಾಗುತ್ತವೆ.

ಈಗ ಲೆಕ್ಕಕ್ಕೆ ಬರೋಣ. ಮನೋವೈದ್ಯರು ಕೂತು ಮಾತಾಡಿಸಿ ಕೊಟ್ಟ ನಿರ್ಣಯವನ್ನು ಸರಿ ಎಂದು ಇಟ್ಟುಕೊಂಡು, ಹಾಳೆಯ ಅಂಕವನ್ನು ಅದಕ್ಕೆ ಹೋಲಿಸುತ್ತಾರೆ. ನಿಜಕ್ಕೂ ಖಿನ್ನತೆ ಇರುವವರಲ್ಲಿ ಎಷ್ಟು ಮಂದಿಯನ್ನು ಹಾಳೆ ಹಿಡಿಯಿತು ಎಂಬುದು ಸಂವೇದನಾಶೀಲತೆ. ಇಲ್ಲದವರಲ್ಲಿ ಎಷ್ಟು ಮಂದಿಯನ್ನು ಸರಿಯಾಗಿ ಬಿಟ್ಟಿತು ಎಂಬುದು ನಿರ್ದಿಷ್ಟತೆ. 2019ರಲ್ಲಿ ಅನೇಕ ದೇಶಗಳ ಅಧ್ಯಯನಗಳ ಮೂಲ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ನುರಿತ ವೈದ್ಯರ ಸಂದರ್ಶನಕ್ಕೆ ಹೋಲಿಸಿದರೆ 10ರ ಗಡಿಯಲ್ಲಿ ಮೊದಲನೆಯದು ಶೇ. 88, ಎರಡನೆಯದು ಶೇ. 85. ಕೇಳಲು ಚೆನ್ನಾಗಿದೆ, ಅಲ್ಲವೇ?

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯ ಪಿಯು ವಿದ್ಯಾರ್ಥಿಗಳಲ್ಲಿ 1000 ಮಂದಿಗೆ ಈ ಹಾಳೆ ಕೊಟ್ಟೆವು ಎಂದುಕೊಳ್ಳಿ. ಅವರಲ್ಲಿ 40 ಮಂದಿಗೆ ಖಿನ್ನತೆ ಇದೆ ಎಂದೂ ಭಾವಿಸೋಣ. ಇದು ಲೆಕ್ಕಕ್ಕಾಗಿ ಹಿಡಿದ ಸಂಖ್ಯೆ, ನಮ್ಮೂರಿನ ಅಂಕಿಅಂಶವಲ್ಲ. 40ರಲ್ಲಿ ಶೇ. 88 ಎಂದರೆ ಸುಮಾರು 35 ಮಂದಿ ಸಿಕ್ಕರು, 5 ಮಂದಿ ತಪ್ಪಿದರು. ಉಳಿದ 960ರಲ್ಲಿ ಶೇ. 15, ಅಂದರೆ 144 ಮಂದಿ, ಖಿನ್ನತೆ ಇಲ್ಲದೆಯೂ 10 ದಾಟುತ್ತಾರೆ. ಒಟ್ಟು 179 ಮಂದಿಯ ಹಾಳೆಗೆ ಕೆಂಪು ಗುರುತು. ಅವರಲ್ಲಿ ನಿಜವಾಗಿ ಖಿನ್ನತೆ ಇರುವವರು 35. ಐವರಲ್ಲಿ ಒಬ್ಬರು. ಇದೇ ಹಾಳೆಯನ್ನು ಮನೋವೈದ್ಯರ ಬಳಿ ಬಂದ 1000 ಮಂದಿಗೆ ಕೊಟ್ಟು, ಅವರಲ್ಲಿ 400 ಮಂದಿಗೆ ಖಿನ್ನತೆ ಇದ್ದರೆ? ಸಿಕ್ಕವರು 352, ತಪ್ಪು ಗುರುತು 90. ಈಗ ಐವರಲ್ಲಿ ನಾಲ್ವರು! ಹಾಳೆ ಅದೇ, ಅಂಕ ಅದೇ. ಬದಲಾದದ್ದು ಯಾರ ಕೈಗೆ ಕೊಟ್ಟೆವು ಎಂಬುದು ಮಾತ್ರ. ಬೇಯ್ಸ್ ಪ್ರಮೇಯ ಪರೀಕ್ಷೆಗೆ ಬಿಟ್ಟು ಬೇರೆಲ್ಲಿ ಉಪಯೋಗ ಎಂದು ಕೇಳುವವರಿಗೆ ಇದೊಂದು ಉತ್ತರ.

ಹಾಳೆ ನಿಖರವಿದ್ದರೂ ಬರೆಯುವವರು ಮನುಷ್ಯರು. ನಿಮ್ಹಾನ್ಸ್‌ನ ಹೊರರೋಗಿಗಳನ್ನು ಮಾತಾಡಿಸಿ ಡಾ. ಆರ್. ರಘುರಾಮ್, ಮಿಚೆಲ್ ವೈಸ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ತೀರ ಹತ್ತಿರದ್ದು. ಖಿನ್ನತೆಯ ಲಕ್ಷಣ ಹೆಚ್ಚಿದ್ದವರಲ್ಲಿ ಕಳಂಕದ ಭಯವೂ ಹೆಚ್ಚಿತ್ತು. ತಲೆನೋವು, ಮೈಕೈ ನೋವು ಎಂದು ದೇಹದ ತೊಂದರೆ ಹೇಳಿದವರಲ್ಲಿ ಅದು ಕಡಿಮೆ. ಮೈನೋವು ಎಲ್ಲರಿಗೂ ಬರುತ್ತದೆ, ಹೇಳಿಕೊಳ್ಳಬಹುದು; ಮನಸ್ಸಿನ ನೋವು ಹೇಳಿದರೆ ನಾಳೆ ಮದುವೆಗೆ ಅಡ್ಡಿಯಾದೀತು. ನಮ್ಮ ಮನೆಗಳಲ್ಲಿ ಇದು ಹೊಸ ಸುದ್ದಿಯೇನಲ್ಲ. ಅಂದಮೇಲೆ ಮೇಷ್ಟ್ರ ಕೈಗೆ ಹೋಗುವ, ಹೆಸರು ಬರೆದ ಹಾಳೆಯಲ್ಲಿ ಆ ಹುಡುಗಿ ಸೊನ್ನೆ ಬರೆದದ್ದರಲ್ಲಿ ಆಶ್ಚರ್ಯವೇನು?

ಭಾಷೆಯದೂ ಒಂದು ತೊಡಕು. ನಮ್ಮಲ್ಲಿ ಅನೇಕರು ಮನೆಯಲ್ಲಿ ಉರ್ದು ಆಡಿ, ತರಗತಿಯಲ್ಲಿ ಕನ್ನಡ ಓದಿ, ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯುವವರು. ಅಮ್ಮ 'ದಿಲ್ ಘಬ್ರಾತಾ' ಎನ್ನುತ್ತಾರೆ. ಅದು ಆತಂಕವೋ, ದುಃಖವೋ, ನಿಜವಾಗಿ ಎದೆಬಡಿತವೋ? 'ಖಿನ್ನತೆ' ಎಂಬ ಪದವನ್ನು ಪುಸ್ತಕದ ಹೊರಗೆ ಬಳಸಿದವರು ಕೈ ಎತ್ತಿ ಎಂದರೆ ಎಷ್ಟು ಕೈ ಏಳುತ್ತವೆ? 1970ರ ದಶಕದಲ್ಲಿ ಆರ್.ಎಲ್. ಕಪೂರ್ ಮತ್ತು ಜಿ.ಎಂ. ಕಾರ್‌ಸ್ಟೇರ್ಸ್ ಕರಾವಳಿಯ ಕೋಟದಲ್ಲಿ ಊರಿನವರ ಮನಸ್ಸಿನ ಆರೋಗ್ಯ ಅರಿಯಹೊರಟಾಗ ಹೊರಗಿನ ಹಾಳೆಯನ್ನು ತಂದು ಹಂಚಲಿಲ್ಲ. ಇಲ್ಲಿನವರಿಗೆ ಹೊಂದುವ ಸಂದರ್ಶನ ಪಟ್ಟಿಯನ್ನೇ ರೂಪಿಸಿಕೊಂಡು ಜನರೊಂದಿಗೆ ಮಾತಾಡಿದರು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲೂ ನಿಮ್ಹಾನ್ಸ್ ನೇತೃತ್ವದ ತಂಡಗಳು ಮನೆಮನೆಗೆ ಹೋಗಿ ಸಂದರ್ಶನ ಮಾಡಿದವು. ವಯಸ್ಕರಲ್ಲಿ ಸುಮಾರು 20ರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿದೆ ಎಂಬ ಮಾತು ಅಲ್ಲಿಂದ ಬಂದದ್ದು. ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ, ಅದು ಬೇರೆ ಮಾತು.

ಕಾಲವನ್ನೂ ನೋಡಬೇಕು. ರಂಜಾನಿನ ಮೂರನೇ ವಾರದಲ್ಲಿ ಈ ಹಾಳೆ ಕೊಟ್ಟರೆ ಏನಾಗುತ್ತದೆ? ತರಾವೀಹ್ ಮುಗಿಸಿ ಮಲಗಿ, ಸಹರಿಗೆ ಎದ್ದು, ಬೆಳಗಿನ ಬಸ್ಸು ಹಿಡಿದು ಬರುವ ಹುಡುಗ ನಿದ್ದೆ, ಆಯಾಸ, ಹಸಿವು, ಏಕಾಗ್ರತೆ ನಾಲ್ಕರಲ್ಲೂ 2 ಹಾಕಿದರೆ ಅಲ್ಲಿಗೇ 8. ಅವನ ಮನಸ್ಸು ಖುಷಿಯಾಗಿಯೇ ಇರಬಹುದು. ಅಡಿಕೆ ಕೊಯ್ಲಿನಲ್ಲಿ ರಾತ್ರಿ ಸುಲಿಯಲು ಕೂರುವ ತರೀಕೆರೆ ಕಡೆಯ ಹುಡುಗಿಗೂ, ವಾರ್ಷಿಕ ಪರೀಕ್ಷೆಯ ಹಿಂದಿನ ವಾರ ಎಲ್ಲರಿಗೂ ಇದೇ ಕತೆ. ರಕ್ತಹೀನತೆ, ಥೈರಾಯ್ಡ್ ತೊಂದರೆ ಇದ್ದರೂ ಆಯಾಸ ಬರುತ್ತದೆ, ಹಾಳೆಗೆ ಅದು ಗೊತ್ತಾಗದು. ಇದರಿಂದಾಗಿ ಮೊದಲ ಎರಡು ಪ್ರಶ್ನೆಗಳಿಗೆ ವೈದ್ಯರು ವಿಶೇಷ ಗಮನ ಕೊಡುತ್ತಾರೆ: ಆಸಕ್ತಿ ಮತ್ತು ಮನಸ್ಸಿನ ಕುಗ್ಗು. ಇವೆರಡರಲ್ಲಿ ಒಂದೂ ಇಲ್ಲದೆ ಖಿನ್ನತೆಯ ನಿರ್ಣಯವಿಲ್ಲ.

ಒಂಬತ್ತನೆಯ ಪ್ರಶ್ನೆಗೆ ಮಾತ್ರ ಈ ಸರಾಸರಿ, ಗಡಿ ಯಾವುದೂ ಅನ್ವಯಿಸದು. ಒಟ್ಟು 3 ಬಂದಿರಲಿ, 23 ಬಂದಿರಲಿ, ಅಲ್ಲಿ ಸೊನ್ನೆಯಲ್ಲದ ಉತ್ತರ ಇದ್ದರೆ ಅದೇ ದಿನ ಯಾರಾದರೂ ಆ ವಿದ್ಯಾರ್ಥಿಯೊಂದಿಗೆ ಒಬ್ಬರೇ ಕೂತು ಮಾತಾಡಬೇಕು. ಸಂಜೆಯೊಳಗೆ ಹಾಳೆಗಳನ್ನು ಓದಲು ಆಗದಿದ್ದರೆ ಅವನ್ನು ಹಂಚಲೇಬಾರದು ಎಂಬುದು ನನ್ನ ಅಭಿಪ್ರಾಯ. ಸಿಬ್ಬಂದಿ ಮಿತ್ರರು ಒಪ್ಪದಿದ್ದರೆ ಚರ್ಚಿಸೋಣ. ನಿಮಗೇ ಮಾತಾಡಬೇಕೆನಿಸಿದರೆ 2022ರಿಂದ ಟೆಲಿ-ಮಾನಸ್ ಇದೆ: 14416. ಉಚಿತ, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಗೆ ಕರೆ ಮಾಡಲು ಯಾವ ಅಂಕವೂ ಬೇಕಿಲ್ಲ.

ಅಭ್ಯಾಸ: ಮೇಲಿನ 1000 ವಿದ್ಯಾರ್ಥಿಗಳಿಗೆ ಗಡಿಯನ್ನು 10ರಿಂದ 15ಕ್ಕೆ ಏರಿಸಿದೆವು ಎಂದುಕೊಳ್ಳಿ. ಸಂವೇದನಾಶೀಲತೆ ಶೇ. 60ಕ್ಕೆ ಇಳಿದು, ನಿರ್ದಿಷ್ಟತೆ ಶೇ. 95ಕ್ಕೆ ಏರಿತು ಎಂದು ಹಿಡಿಯಿರಿ. ತಪ್ಪು ಗುರುತು ಬಿದ್ದವರು ಎಷ್ಟು? ಹಾಳೆಯ ಕಣ್ಣು ತಪ್ಪಿಸಿಕೊಂಡವರು ಎಷ್ಟು? ಎರಡೂ ಸಂಖ್ಯೆಗಳನ್ನು ಬರೆದು, ಪ್ರಾಂಶುಪಾಲರ ಜಾಗದಲ್ಲಿ ನೀವಿದ್ದರೆ ಯಾವ ಗಡಿ ಆರಿಸುತ್ತಿದ್ದಿರಿ ಎಂದು ಐದು ಸಾಲಿನಲ್ಲಿ ತಿಳಿಸಿ. ಉತ್ತರಗಳನ್ನು ಹೆಸರಿಲ್ಲದೆಯೂ ಕೊಡಬಹುದು.