ದೇವರು ತೋರಿಸಿದ ಹಾದಿಯಲ್ಲಿ ನಡೆಯುವದು

ಓದತಕ್ಕ ಭಾಗಗಳು: ಅಪೊಸ್ತಲರ ಕೃತ್ಯಗಳು 16:6-10, ವಿಮೋಚನಕಾಂಡ 22:22-24.



ದೇವರ ಚಿತ್ತವನ್ನು ತಿಳಿಯುವದು ಹೇಗೆಂದು ನಮ್ಮ ಸಭೆಗಳಲ್ಲಿ ಅನೇಕರು ಕೇಳುತ್ತಾರೆ. ಹಿಂದೆ ನಮ್ಮ ಹಿರಿಯರು ಹೂವಿನ ಪ್ರಸಾದ ಕೇಳಿ, ಬಲಕ್ಕೆ ಬಿದ್ದರೆ ಅಪ್ಪಣೆಯಾಯಿತೆಂದೂ ಎಡಕ್ಕೆ ಬಿದ್ದರೆ ಬೇಡವೆಂದೂ ಎಣಿಸುತ್ತಿದ್ದರು. ಆ ಪದ್ಧತಿಯನ್ನು ಬಿಟ್ಟೆವು. ಆದರೆ ಕಣ್ಣು ಮುಚ್ಚಿ ಸತ್ಯವೇದವನ್ನು ತೆರೆದು, ಬೆರಳು ತಗಲಿದ ವಚನವೇ ತಮಗೆ ದೇವರ ಅಪ್ಪಣೆಯೆಂದು ಹೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಹೂವು ಹೋಗಿ ಪುಸ್ತಕ ಬಂದಿತು. ಮನಸ್ಸು ಮಾತ್ರ ಬದಲಾಗಲಿಲ್ಲ.

ಪೌಲನು ಮಾಡಿದ್ದನ್ನು ನೋಡಿರಿ. ಆಸ್ಯಕ್ಕೂ ಬಿಥೂನ್ಯಕ್ಕೂ ಹೋಗುವ ಹಾದಿಗಳು ಅವನಿಗೆ ಮುಚ್ಚಲ್ಪಟ್ಟವು. ತ್ರೋವದಲ್ಲಿ ರಾತ್ರಿ ಮಕೆದೋನ್ಯದವನೊಬ್ಬನು ಸಹಾಯ ಬೇಡುವ ದರ್ಶನವಾಯಿತು. ಅವನೂ ಅವನ ಜೊತೆಯವರೂ ಅದರ ಅರ್ಥವನ್ನು ತಿಳಿದುಕೊಂಡು ಕೂಡಲೇ ಹೊರಡಲು ಸಿದ್ಧರಾದರು. ಅವರು ಮತ್ತೊಂದು ಗುರುತನ್ನು ಕೇಳಲಿಲ್ಲ.

ನಮ್ಮ ನೆರೆಯ ಕೊಡಗಿನಲ್ಲಿಯೂ ಇಂಥ ಕಾರ್ಯ ನಡೆಯಿತು. 1843ರಲ್ಲಿ ಕನ್ನಡದ ಮೊದಲನೆಯ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರಡಿಸಿದ ಬಾಸೆಲ್ ಮಿಶನಿನ ಹೆರ್ಮನ್ ಮೊಗ್ಲಿಂಗ್ ಸಾಹೇಬರು ಕೆಲವು ವರುಷಗಳ ತರುವಾಯ ಸ್ವದೇಶಕ್ಕೆ ಹಿಂದಿರುಗುವ ಯೋಚನೆಯಲ್ಲಿದ್ದರು. ಆಗ ಅಲ್ಮಂಡ ಸೋಮಯ್ಯನೆಂಬ ಕೊಡವನು ದೀಕ್ಷಾಸ್ನಾನವನ್ನು ಬಯಸಿ ಅವರ ಬಳಿಗೆ ಬಂದನು. ಹೊಸ ವಿಶ್ವಾಸಿಯನ್ನು ಅವನ ನಾಡಿನಲ್ಲಿ ಒಂಟಿಯಾಗಿ ಬಿಡುವದು ಸರಿಯಲ್ಲವೆಂದು ತಿಳಿದು ಸಾಹೇಬರು 1853ರಲ್ಲಿ ಕೊಡಗಿಗೆ ಹೋದರು. ಬಾಗಿಲಿಗೆ ಬಂದ ಮನುಷ್ಯನೇ ಅವರಿಗೆ ಸಾಕಾದ ಗುರುತು.

ಈಗ ನಮ್ಮ ಸೀಮೆಯ ಸಂಗತಿಯನ್ನು ಹೇಳುವೆವು. ಪಾಳ್ಯದ ಆಚೆಯ ಒಂದು ಹಳ್ಳಿಯ ಸಹೋದರನು ಮಳೆ ನಿಂತ ಮೇಲೆ ನಮ್ಮ ಬಳಿಗೆ ಬಂದು, “ಉಪದೇಶಿಗಳೇ, ಶುಂಠಿ ಹಾಕಲು ಗದ್ದೆಯನ್ನು ಗುತ್ತಿಗೆಗೆ ಹಿಡಿಯಬೇಕೆಂದಿದ್ದೇನೆ. ಸತ್ಯವೇದವನ್ನು ತೆರೆದು ದೇವರ ಚಿತ್ತವನ್ನು ನೋಡಿ ಹೇಳಿರಿ,” ಎಂದು ಬೇಡಿದನು. ಹಣವೆಲ್ಲಿಂದ ಬಂತೆಂದು ಕೇಳಿದೆವು. ಅಣ್ಣನೂ ತಾನೂ ಕೂಡಿ ಮಾಡಿದ ತೋಟದ ಮೆಣಸು ಮಾರಿದ ಹಣವೆಂದನು. ಅಣ್ಣನು ತೀರಿಹೋಗಿ ಎರಡು ವರುಷವಾಗಿತ್ತು. ಅತ್ತಿಗೆಯ ಕೈಗೆ ಒಂದು ಕಾಸೂ ಸೇರಿರಲಿಲ್ಲ. ಅವಳು ಪರರ ತೋಟದಲ್ಲಿ ಕಾಫಿ ಕೊಯ್ದು ಮಕ್ಕಳನ್ನು ಸಾಕುತ್ತಿದ್ದಳು.

ನಾವು ವಿಮೋಚನಕಾಂಡವನ್ನು ತೆರೆದು, ವಿಧವೆಯನ್ನೂ ದಿಕ್ಕಿಲ್ಲದ ಮಗುವನ್ನೂ ಬಾಧಿಸಬಾರದೆಂಬ ಆಜ್ಞೆಯನ್ನು ಅವನಿಂದಲೇ ಓದಿಸಿದೆವು. ಅವನು ಏನೂ ಹೇಳದೆ ಎದ್ದು ಹೋದನು. ಮೂರು ಭಾನುವಾರ ಆಲಯಕ್ಕೆ ಬರಲಿಲ್ಲ.

ಪ್ರಿಯರೇ, ಆ ಮೂರು ವಾರ ದೋಷವು ಅವನೊಬ್ಬನದೇ ಅಲ್ಲವೆಂದು ನಮ್ಮ ಮನಸ್ಸಾಕ್ಷಿ ನಮ್ಮನ್ನು ಚುಚ್ಚಿತು. ಅತ್ತಿಗೆಯ ಸಂಗತಿ ನಮಗೆ ಮೊದಲೇ ತಿಳಿದಿತ್ತು. ಒಂದು ಮನೆಯವರು ಸಭೆಯನ್ನು ಬಿಟ್ಟಾರೆಂದು ಅಂಜಿ, ಸಮಯ ಬರಲಿ ಎಂದು ಪ್ರಾರ್ಥಿಸುತ್ತಾ ಸುಮ್ಮನಿದ್ದೆವು. ಅವನು ಬೆರಳಿಡಲು ವಚನವನ್ನು ಹುಡುಕಿದನು. ನಾವು ಬಾಯಿ ತೆರೆಯಲು ಸಮಯವನ್ನು ಹುಡುಕಿದೆವು. ಎರಡೂ ಅವಿಧೇಯತ್ವವೇ. ನಾವು ಆ ವಿಧವೆಯ ಮನೆಗೆ ಹೋಗಿ ಕ್ಷಮೆ ಬೇಡಿದೆವು.

ನಾಲ್ಕನೆಯ ಭಾನುವಾರ ಅವನು ಅತ್ತಿಗೆಯನ್ನೂ ಮಕ್ಕಳನ್ನೂ ಕರಕೊಂಡು ಬಂದನು. ಅರ್ಧ ಹಣ ಅವಳಿಗೆ ಸೇರಿತ್ತು. ಉಳಿದದ್ದು ಗುತ್ತಿಗೆಗೆ ಸಾಲದೆ ಆ ವರುಷ ಅವನು ಶುಂಠಿ ಹಾಕಲಿಲ್ಲ. ಲಾಭವಾಯಿತೆಂದು ನಾವು ಹೇಳಲಾರೆವು, ವಿಧೇಯತ್ವಕ್ಕೆ ಬೆಲೆಯುಂಟು.

ಹೀಗಿರುವದರಿಂದ ಇದನ್ನು ನೆನಪಿನಲ್ಲಿಡಿರಿ. ದೇವರು ಆಜ್ಞೆಯಿಂದ ಸ್ಪಷ್ಟವಾಗಿ ಹೇಳಿದ್ದರಲ್ಲಿ ಬೇರೆ ಗುರುತನ್ನು ಕೇಳಬಾರದು. ಆಳಿನ ಕೂಲಿ, ತೂಕದ ಕಲ್ಲು, ನೆರೆಯವನ ಬದು, ವಿಧವೆಯ ಪಾಲು ಇಂಥವುಗಳು. ಶುಂಠಿಯೋ ಭತ್ತವೋ ಎಂಬಂಥ, ಆಜ್ಞೆಯಿಲ್ಲದ ವಿಷಯಗಳಲ್ಲಿ ಪ್ರಾರ್ಥಿಸಿ, ಹಿರಿಯರನ್ನು ಕೇಳಿ, ದೇವರು ಕೊಟ್ಟ ಬುದ್ಧಿಯಿಂದ ನಿರ್ಣಯಿಸಿರಿ. ಮೊದಲನೆಯದನ್ನು ಮಾಡದವನು ಎರಡನೆಯದಕ್ಕೆ ಬೆಳಕನ್ನು ಬೇಡುವದು ಹೇಗೆ?

ಮನೆಯಲ್ಲಿ ಕೇಳಿಕೊಳ್ಳತಕ್ಕ ಪ್ರಶ್ನೆಗಳು

1. ದರ್ಶನವಾದ ಮೇಲೆ ಪೌಲನು ಎಷ್ಟು ತಡಮಾಡಿದನು?
2. ನಮಗೆ ತಿಳಿದಿದ್ದೂ ನಾವು ಮುಂದೂಡುತ್ತಿರುವ ಕಾರ್ಯ ಯಾವದು?
3. ಅದನ್ನು ಬರುವ ಭಾನುವಾರದೊಳಗೆ ಮಾಡಲು ನಾವು ಯಾರ ಮನೆಗೆ ಹೋಗಬೇಕು?