ಚಾಪೆಯ ಮೇಲೆ ಎಲ್ಲರಿಗೂ ಜಾಗ

ಚಿ. ಸೌ. ಮಗಳಿಗೆ,



ಶನಿವಾರ ರಾತ್ರಿ ಊಟ ಮುಗಿಯುತ್ತಿದ್ದಂತೆ ಮನೆಯವರೆಲ್ಲ ಒಂದೊಂದು ಫೋನು ಹಿಡಿದು ಒಂದೊಂದು ಮೂಲೆ ಸೇರುತ್ತಾರೆ, ಎಲ್ಲರೂ ಕೂತು ಆಡುವಂಥ ಸುಲಭದ ಇಸ್ಪೀಟು ಆಟ ಇದ್ದರೆ ಹೇಳಿ ಎಂದು ಕೇಳಿದ್ದೀಯ. ನಿನ್ನ ವಯಸ್ಸಿನ ಎಷ್ಟೋ ಹೆಣ್ಣುಮಕ್ಕಳಿಗೆ ಇದೇ ಯೋಚನೆ ಇರಬಹುದು ಅನ್ನಿಸಿ ಉತ್ತರವನ್ನು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಆಟ ಯಾವುದು ಅನ್ನುವ ಮೊದಲು ಚಾಪೆಯ ಮೇಲೆ ಯಾರು ಯಾರು ಕೂರುತ್ತಾರೆ ನೋಡು. ನಿನ್ನ ಮನೆಯಲ್ಲಿ ಆರು ವರ್ಷದ ಪುಟ್ಟ, ಹನ್ನೊಂದರ ಅವನ ಅಕ್ಕ, ನೀನು, ಅಳಿಯಂದಿರು, ಎಪ್ಪತ್ತು ದಾಟಿದ ನಿಮ್ಮ ಅತ್ತೆಯವರು. ಪುಟ್ಟನಿಗೆ ತಿಳಿಯಬೇಕು, ಅತ್ತೆಯವರ ಕಣ್ಣಿಗೆ ಕಾಣಬೇಕು. ಈ ಎರಡನ್ನೂ ದಾಟಿದ ಆಟ ಉಳಿದ ಮೂವರಿಗೆ ತಾನೇ ಹಿಡಿಸುತ್ತದೆ. ಅಳಿಯಂದಿರಿಗೆ ಬರುವ ರಮ್ಮಿಯಿಂದ ಶುರುಮಾಡಿದರೆ ಎರಡನೇ ವಾರಕ್ಕೆ ಪುಟ್ಟ ಎದ್ದು ಹೋಗಿರುತ್ತಾನೆ, ಅವನ ಹಿಂದೆ ಅತ್ತೆಯವರು.

ಅದಕ್ಕೇ ಮೊದಲ ದಿನ ಕತ್ತೆ ಆಟ ಆಡಿ. 52 ಎಲೆಯನ್ನೂ ಕಲಸಿ ಐವರಿಗೂ ಹಂಚು. ಒಬ್ಬಿಬ್ಬರಿಗೆ ಒಂದು ಎಲೆ ಹೆಚ್ಚು ಬಂದರೆ ಚಿಂತೆಯಿಲ್ಲ. ಇಸ್ಪೀಟಿನ ಎಕ್ಕ ಯಾರ ಕೈಯಲ್ಲಿದೆಯೋ ಅವರು ಅದನ್ನು ಇಳಿಸಿ ಆಟ ಶುರುಮಾಡುತ್ತಾರೆ. ಮೊದಲು ಬಿದ್ದ ಎಲೆ ಯಾವ ಜಾತಿಯದೋ ಉಳಿದವರೂ ಅದೇ ಜಾತಿಯದನ್ನು ಹಾಕಬೇಕು. ಎಲ್ಲರೂ ಹಾಕಿದರೆ ಆ ಎಲೆಗಳು ಆಟದಿಂದ ಹೊರಗೆ. ಎಲ್ಲಕ್ಕಿಂತ ದೊಡ್ಡ ಎಲೆ ಹಾಕಿದವರು ಮುಂದಿನ ಸುತ್ತು ಶುರುಮಾಡುತ್ತಾರೆ. ಆ ಜಾತಿಯ ಎಲೆ ಒಂದೂ ಇಲ್ಲದವರು ಬೇರೆ ಜಾತಿಯ ಎಲೆಯಿಂದ ಹೊಡೆಯುತ್ತಾರೆ. ಹೊಡೆದ ಕೂಡಲೇ ಸುತ್ತು ನಿಂತಿತು. ಅಲ್ಲಿಯವರೆಗೆ ಆ ಜಾತಿಯಲ್ಲಿ ದೊಡ್ಡ ಎಲೆ ಹಾಕಿದ್ದವರು ಬಿದ್ದಿದ್ದನ್ನೆಲ್ಲ ಬಾಚಿ ಕೈಗೆ ಸೇರಿಸಿಕೊಂಡು ಮತ್ತೆ ತಾವೇ ಆಡಬೇಕು. ಕೈ ಖಾಲಿಯಾದವರು ಗೆದ್ದರು. ಕೊನೆಗೆ ಎಲೆ ಹಿಡಿದು ಉಳಿದವರು ಕತ್ತೆ.

ಇಷ್ಟೇ ನಿಯಮ. ಆದರೆ ಇದರೊಳಗೆ ಬುದ್ಧಿಗೆ ಬೇಕಾದಷ್ಟು ಕೆಲಸವಿದೆ. ದೊಡ್ಡ ಎಲೆಗಳನ್ನು ಆಟದ ಮೊದಲಲ್ಲೇ ಕಳೆದುಕೊಳ್ಳುವುದು ಕ್ಷೇಮ, ಏಕೆಂದರೆ ಆಗ ಎಲ್ಲರ ಕೈಯಲ್ಲೂ ಎಲ್ಲ ಜಾತಿಯೂ ಇರುತ್ತವೆ, ಹೊಡೆತ ಬೀಳುವುದು ಅಪರೂಪ. ಎರಡು ಸುತ್ತು ಡೈಮಂಡು ಹೋದ ಮೇಲೆ ಮೂರನೇ ಸಲ ಡೈಮಂಡಿನ ರಾಜನನ್ನು ಇಳಿಸುವವರು ಹೊಡೆತ ತಿನ್ನುತ್ತಾರೆ. ಇದನ್ನು ನೀನು ಮೊದಲೇ ಹೇಳಬೇಡ. ಹನ್ನೊಂದು ವರ್ಷದ ಹುಡುಗಿ ಒಂದೆರಡು ಆಟದಲ್ಲಿ ತಾನೇ ಕಂಡುಕೊಳ್ಳುತ್ತಾಳೆ. ಹಾಗೆ ಕಂಡುಕೊಂಡಾಗ ಅವಳಿಗೆ ಆಗುವ ಸಂತೋಷವನ್ನು ಹೇಳಿಕೊಟ್ಟು ಕಸಿದುಕೊಳ್ಳುವುದು ಅನ್ಯಾಯ.

ಕಲಿಸುವ ರೀತಿಯೂ ಮುಖ್ಯ. ನಿಯಮ ಪೂರ್ತಿ ವಿವರಿಸಿ ಆಮೇಲೆ ಆಡಿಸಲು ಹೊರಟರೆ ಮಕ್ಕಳ ಗಮನ ಅರ್ಧಕ್ಕೇ ಹಾರಿಹೋಗುತ್ತದೆ. ಮೊದಲ ಆಟದಲ್ಲಿ ಎಲ್ಲರೂ ಎಲೆಗಳನ್ನು ಮುಂದೆ ಬಿಡಿಸಿಟ್ಟು, ಮುಖ ಮೇಲಾಗಿ ಆಡಿ. ಸೋಲು ಗೆಲುವು ಲೆಕ್ಕಕ್ಕಿಲ್ಲ. ಎರಡನೇ ಆಟಕ್ಕೆ ಎಲೆ ಕೈಗೆ ಬರಲಿ. ಪುಟ್ಟನ ಪುಟ್ಟ ಕೈಗೆ ಹತ್ತು ಎಲೆ ಬೀಸಣಿಗೆಯಂತೆ ಹಿಡಿಯಲು ಬರುವುದಿಲ್ಲ. ಬುಡಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿಕೊಡು, ನೆಟ್ಟಗೆ ನಿಲ್ಲುತ್ತವೆ. ಅತ್ತೆಯವರಿಗಾಗಿ ದಪ್ಪ ಅಂಕಿಯ ಎಲೆಗಳು ಸಿಗುತ್ತವೆ, ಅಂಥದ್ದೇ ತಾ. ದೀಪದ ಕೆಳಗಿನ ಜಾಗ ಅವರದು.

ಈಗ ಪುಟ್ಟನ ವಿಷಯ. ಅವನು ಸೋತರೆ ಅಳುತ್ತಾನೆ, ಬೇಕೆಂದೇ ಸೋತು ಅವನನ್ನು ಗೆಲ್ಲಿಸಲೇ ಎಂದು ಕೇಳಿದ್ದೀಯ. ಖಂಡಿತ ಬೇಡ, ಮಗಳೇ. ಮಕ್ಕಳಿಗೆ ಅದು ಗೊತ್ತಾಗುತ್ತದೆ. ಗೊತ್ತಾದ ದಿನದಿಂದ ಅವರು ನಿಜವಾಗಿ ಗೆದ್ದದ್ದನ್ನೂ ನಂಬುವುದಿಲ್ಲ. ಅದರ ಬದಲು ಅವನು ನ್ಯಾಯವಾಗಿಯೇ ಗೆಲ್ಲಬಲ್ಲ ಆಟವೊಂದನ್ನು ಪ್ರತಿ ಶನಿವಾರ ಸೇರಿಸು. ನೆನಪಿನ ಆಟ ಅಂಥದ್ದು. ಎರಡು ಎಕ್ಕ, ಎರಡು ಎರಡು, ಎರಡು ಮೂರು, ಹೀಗೆ ಹತ್ತರವರೆಗೆ 20 ಎಲೆ ತೆಗೆದು ಮುಖ ಕೆಳಗೆ ಮಾಡಿ ಸಾಲಾಗಿ ಹರಡು. ಸರದಿ ಬಂದವರು ಎರಡು ಎಲೆ ಮಗುಚಿ ನೋಡಬೇಕು. ಜೋಡಿಯಾದರೆ ಅವರದು, ಇನ್ನೊಂದು ಸರದಿಯೂ ಅವರಿಗೇ. ಇಲ್ಲವಾದರೆ ಇದ್ದಲ್ಲೇ ಮತ್ತೆ ಮುಚ್ಚಿಡಬೇಕು. ಆರು ವರ್ಷದ ಮಗು ಎಲೆ ಇದ್ದ ಜಾಗ ಬಿಟ್ಟು ಇನ್ನೇನನ್ನೂ ಯೋಚಿಸುವುದಿಲ್ಲ. ಅಳಿಯಂದಿರ ತಲೆಯಲ್ಲಿ ಸೋಮವಾರದ ಕೆಲಸವೂ ಓಡುತ್ತಿರುತ್ತದೆ. ಅವರು ಮನಸ್ಸಿಟ್ಟು ಆಡಿಯೂ ಮಗನ ಕೈಯಲ್ಲಿ ಸೋಲುವುದನ್ನು ನೀನೇ ನೋಡುತ್ತೀಯ.

ಅಂಕಿ ಕಲಿಯುವ ವಯಸ್ಸಿಗೆ ಏಳರ ಆಟವೂ ಒಳ್ಳೆಯದು. ಆಟೀನಿನ ಏಳು ಇದ್ದವರು ಅದನ್ನು ನಡುವೆ ಇಡುತ್ತಾರೆ. ಆಮೇಲೆ ಅದೇ ಜಾತಿಯ ಆರನ್ನೋ ಎಂಟನ್ನೋ ಪಕ್ಕಕ್ಕೆ ಜೋಡಿಸಬಹುದು, ಇಲ್ಲವೇ ಬೇರೆ ಜಾತಿಯ ಏಳು ಇಟ್ಟು ಹೊಸ ಸಾಲು ತೆರೆಯಬಹುದು. ಒಂದು ಕಡೆ ಎಕ್ಕದವರೆಗೆ, ಇನ್ನೊಂದು ಕಡೆ ರಾಜನವರೆಗೆ ಸಾಲು ಬೆಳೆಯುತ್ತದೆ. ಇಳಿಸಲು ಎಲೆ ಇಲ್ಲದವರು ಪಾಸ್. ಮೊದಲು ಕೈ ಖಾಲಿ ಮಾಡಿದವರು ಗೆದ್ದರು. ಇಳಿಸಬಹುದಾದ ಎಲೆ ಎರಡು ಮೂರು ಇದ್ದಾಗ ಯಾವುದನ್ನು ಮುಂದೆ ಬಿಡುವುದು, ಯಾವುದನ್ನು ತಡೆದು ಪಕ್ಕದವರನ್ನು ಕಾಯಿಸುವುದು ಎಂಬುದರಲ್ಲಿ ಇದರ ರುಚಿ ಇದೆ.

ಇನ್ನು ನಿನ್ನನ್ನು ಹೆಚ್ಚು ಕಾಡುತ್ತಿರುವ ಮಾತಿಗೆ ಬರುತ್ತೇನೆ. ಮನೆಯೊಳಗೆ ಇಸ್ಪೀಟು ಬೇಡ ಎಂದು ಅತ್ತೆಯವರು ಹೇಳಿದರಂತೆ. ಅವರ ಮೇಲೆ ಬೇಸರ ಮಾಡಿಕೊಳ್ಳಬೇಡ. ಅವರ ಕಾಲದ ಹೆಂಗಸರು ಇಸ್ಪೀಟನ್ನು ನೋಡಿದ್ದು ಮದುವೆ ಛತ್ರದ ಹಿಂದಿನ ಕೋಣೆಯಲ್ಲಿ, ಬೆಳಗಿನವರೆಗೆ ಹಣ ಕಟ್ಟಿ ಕೂತ ಗಂಡಸರ ನಡುವೆ. ಅಂದರ್ ಬಾಹರ್ ಅಡ್ಡೆಯ ಮೇಲೆ ದಾಳಿ ನಡೆದ ಸುದ್ದಿಯನ್ನು ಪೇಪರಿನಲ್ಲಿ ಇವತ್ತಿಗೂ ಓದುತ್ತೇವೆ. ಬೆಳೆ ಮಾರಿದ ದುಡ್ಡು, ಹೆಂಡತಿಯ ಓಲೆ, ಎಲ್ಲ ಹೋದ ಮನೆಗಳಿವೆ. ಆ ಭಯ ಸುಳ್ಳಲ್ಲ, ಅದಕ್ಕೆ ಗೌರವ ಕೊಡು.

ಆದರೆ ಇದನ್ನೂ ಅವರಿಗೆ ಹೇಳು. ನಮ್ಮ ಮೈಸೂರಿನಲ್ಲೇ ಗಂಜೀಫಾ ಎಂಬ ಎಲೆ ಆಟವಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಟಗಳೆಂದರೆ ಬಲು ಪ್ರೀತಿ. ಅವರ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಎಲೆ ಆಟಗಳ ವಿವರವೇ ಇದೆ. ದಶಾವತಾರ ಗಂಜೀಫಾದಲ್ಲಿ 120 ಎಲೆ. ಮತ್ಸ್ಯನಿಂದ ಕಲ್ಕಿಯವರೆಗೆ ಹತ್ತು ಅವತಾರಗಳೇ ಹತ್ತು ಜಾತಿ. ಒಂದೊಂದರಲ್ಲೂ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗಿನ ಎಲೆಗಳು. ಹಗಲು ಆಡಿದರೆ ರಾಮನ ಎಲೆಯಿಂದ ಆಟ ಶುರು, ರಾತ್ರಿಯಾದರೆ ಕೃಷ್ಣನಿಂದ. ಅರ್ಧ ಜಾತಿಗಳಲ್ಲಿ ಹತ್ತು ದೊಡ್ಡದು, ಇನ್ನರ್ಧದಲ್ಲಿ ಒಂದೇ ದೊಡ್ಡದು. ಆಡುವವರಿಗೆ ಇದೆಲ್ಲ ನೆನಪಿರಬೇಕು. ಅತ್ತೆಯವರಿಗೆ ದಶಾವತಾರದ ಕ್ರಮ ಬಾಯಿಪಾಠ. ಮಕ್ಕಳಿಗೆ ಒಂದು ಸಂಜೆ ಅವರೇ ಹೇಳಿಕೊಡಲಿ.

ಹಣದ ವಿಷಯದಲ್ಲಿ ನೀನು ಗಟ್ಟಿಯಾಗಿರಬೇಕು. ಒಂದು ರೂಪಾಯಿಯೂ ಬೇಡ. ಲೆಕ್ಕಕ್ಕೆ ಹುಣಸೆ ಬೀಜ ಸಾಕು. ಬೀಜದ ಡಬ್ಬಿ ಅತ್ತೆಯವರ ಕೈಯಲ್ಲಿರಲಿ, ಹಂಚುವುದು ಎಣಿಸುವುದು ಅವರ ಕೆಲಸ. ಆಡದಿದ್ದರೂ ಸಭೆಯಲ್ಲಿರುತ್ತಾರೆ, ನಾಲ್ಕು ವಾರದಲ್ಲಿ ಎಲೆ ಕೇಳಿದರೂ ಕೇಳಿಯಾರು. ಅಳಿಯಂದಿರಿಗೆ ಫೋನಿನಲ್ಲಿ ರಮ್ಮಿ ಆಡುವ ರೂಢಿ ಇತ್ತೆಂದು ಬರೆದಿದ್ದೀಯ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕಾನೂನು ತಂದು ನಿಷೇಧಿಸಿದ್ದು ನನಗೆ ಸಮಾಧಾನ ತಂದಿತು. ರಮ್ಮಿ ಕೆಟ್ಟ ಆಟವಲ್ಲ. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಉಳಿಸಿಕೊಂಡು ಯಾವುದನ್ನು ಬಿಡಬೇಕೆಂದು ಅಳೆಯಬೇಕು, ಆದ್ದರಿಂದ ಇದು ಹೆಚ್ಚಾಗಿ ಜಾಣ್ಮೆಯ ಆಟ ಎಂದು ಸುಪ್ರೀಂ ಕೋರ್ಟು 1967ರಲ್ಲೇ ಹೇಳಿದೆ. ಮಗಳು ಕತ್ತೆಯಲ್ಲಿ ಪಳಗಿದ ಮೇಲೆ ಅವಳಪ್ಪನೇ ಅವಳಿಗೆ 13 ಎಲೆಯ ರಮ್ಮಿ ಕಲಿಸಲಿ, ಚಾಪೆಯ ಮೇಲೆ, ಹುಣಸೆ ಬೀಜಕ್ಕೆ.

ಪುಟ್ಟ ಮಲಗಿದ ಮೇಲೆ ನೀವು ಮೂವರೇ ಉಳಿದರೆ ಮೂರು-ಎರಡು-ಐದು ಆಡಿ. ನಾಲ್ಕು ಜಾತಿಯಲ್ಲೂ ಎಂಟರಿಂದ ಎಕ್ಕದವರೆಗೆ, ಜೊತೆಗೆ ಇಸ್ಪೀಟು ಮತ್ತು ಆಟೀನಿನ ಏಳು, ಒಟ್ಟು 30 ಎಲೆ, ತಲೆಗೆ ಹತ್ತು. ತುರುಪು, ಅಂದರೆ ಉಳಿದೆಲ್ಲ ಜಾತಿಯನ್ನೂ ಸೋಲಿಸುವ ಜಾತಿ, ಯಾವುದೆಂದು ಹೇಳಿದವರು ಐದು ಸುತ್ತು ಗೆಲ್ಲಬೇಕು, ಹಂಚಿದವರಿಗೆ ಎರಡು ಸಾಕು, ಇನ್ನೊಬ್ಬರಿಗೆ ಮೂರು. ಸರದಿ ತಿರುಗುತ್ತಾ ಹೋಗುತ್ತದೆ. ತುರುಪು ಅಂದರೇನೆಂದು ಇದರಲ್ಲಿ ಸಲೀಸಾಗಿ ತಿಳಿಯುತ್ತದೆ.

ಅದು ತಿಳಿದವರಿಗೆ ಇಪ್ಪತ್ತೆಂಟು ಕಷ್ಟವಲ್ಲ. ಏಳರಿಂದ ಮೇಲಿನ 32 ಎಲೆ, ಎದುರೆದುರು ಕೂತವರು ಜೊತೆ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ನಾಲ್ಕು ಜಾತಿಯದನ್ನೂ ಕೂಡಿದರೆ 28. ರಾಜ ರಾಣಿಯರಿಗೆ ಬೆಲೆಯೇ ಇಲ್ಲ, ಗುಲಾಮನೇ ಎಲ್ಲರಿಗಿಂತ ದೊಡ್ಡವನು. ಹರಾಜು ಕೂಗುವುದು, ತುರುಪನ್ನು ಮುಚ್ಚಿಡುವುದು, ಜೊತೆಗಾರರ ಮನಸ್ಸು ಎಲೆಯಿಂದಲೇ ಓದುವುದು, ಇವನ್ನು ಕಾಗದದಲ್ಲಿ ಬರೆದು ಕಲಿಸಲಾಗದು. ದಸರಾ ರಜೆಗೆ ನಾನೇ ಬರುತ್ತೇನೆ. ಹುಡುಗಿಯನ್ನು ನನ್ನ ಜೊತೆಗೆ ಕೊಡು, ನೀವಿಬ್ಬರು ಗಂಡ ಹೆಂಡತಿ ಎದುರು ಕಟ್ಟಿಕೊಳ್ಳಿ. ಅಷ್ಟರೊಳಗೆ ಎರಡು ಕಟ್ಟು ಎಲೆ ತಂದಿಡು. ರಮ್ಮಿಗೆ ಹೇಗೂ ಎರಡು ಬೇಕು.

ಇಂತಿ,
ನಿನ್ನ ದೊಡ್ಡಮ್ಮ